ನೆರಳಿಗೆ ಹೋದ ಉಪಗ್ರಹದ ಮೈಮೇಲೆ

ಉಡುಪಿ
ಸೋಮವಾರ, 22 ಸೆಪ್ಟೆಂಬರ್ 2025

ಹಗಲು ರಾತ್ರಿ ಸಮವಾಗುವ ದಿನಗಳಿವು. ನಮ್ಮ ಡಿಶ್‌ಗಳಿಗೆ ಸಿಗ್ನಲ್ ಕಳಿಸುವ, 36,000 ಕಿ.ಮೀ. ಎತ್ತರದ ಉಪಗ್ರಹಗಳು ಈಗ ದಿನಾ ನಡುರಾತ್ರಿ ಹೊತ್ತಿಗೆ ಸುಮಾರು 70 ನಿಮಿಷ ಭೂಮಿಯ ನೆರಳಿಗೆ ಹೋಗುತ್ತವೆ. ಸೌರಫಲಕಗಳಿಗೆ ಬಿಸಿಲು ಸಿಗದ ಆ ಹೊತ್ತು ಉಪಗ್ರಹಕ್ಕೆ ಕಷ್ಟದ್ದು ಎಂದೆ. ದಸರಾ ರಜೆಗೆ ಬಂದಿರುವ ತಂಗಿಯ ಮಗಳು ಕೇಳಿದಳು: "ಬ್ಯಾಟರಿ ಇರ್ತದಲ್ವಾ ಮಾವ, ಮತ್ತೇನು ತೊಂದರೆ?"

ಒಳ್ಳೆಯ ಪ್ರಶ್ನೆ. ಬ್ಯಾಟರಿ ಇದೆ. ತೊಂದರೆ ಇರುವುದು ಉಪಗ್ರಹದ ಮೈಮೇಲೆ.

ಅಲ್ಲಿ ಗಾಳಿ ಇಲ್ಲ, ಆದರೆ ಪ್ಲಾಸ್ಮಾ ಇದೆ. ಅಂದರೆ ಬಿಡಿಬಿಡಿಯಾಗಿ ಓಡಾಡುವ ಎಲೆಕ್ಟ್ರಾನು, ಪ್ರೋಟಾನುಗಳು. ಸೂರ್ಯನಿಂದ ಇಂಥ ಕಣಗಳ ಗಾಳಿ ಎಡೆಬಿಡದೆ ಬೀಸುತ್ತದೆ ಎಂದು ಅಮೆರಿಕದ ಮ್ಯಾರಿನರ್-2 ಬಾಹ್ಯಾಕಾಶ ನೌಕೆ ಕಳಿಸಿದ ಮಾಹಿತಿಯಿಂದ ತೋರಿಸಿಕೊಟ್ಟವರಲ್ಲಿ ನಮ್ಮ ಅದಮಾರಿನ ಯು. ಆರ್. ರಾಯರೂ ಒಬ್ಬರು. ಅದನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ.

ಎಲೆಕ್ಟ್ರಾನು ಪ್ರೋಟಾನಿಗಿಂತ 1,836 ಪಟ್ಟು ಹಗುರ. ಹಾಗಾಗಿ ವೇಗ ಜಾಸ್ತಿ, ಬಂದು ಬಡಿಯುವುದೂ ಜಾಸ್ತಿ. ಉಪಗ್ರಹದ ಮೈ ಋಣ ಚಾರ್ಜಿನತ್ತ ಜಾರುತ್ತದೆ. ಬಿಸಿಲಿದ್ದಾಗ ಬೆಳಕೇ ಮೇಲ್ಮೈಯಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹೊರಹಾಕುತ್ತದೆ, ಲೆಕ್ಕ ಸರಿಹೋಗುತ್ತದೆ. ನೆರಳಿನಲ್ಲಿ ಆ ದಾರಿ ಬಂದ್. ಇಲ್ಲಿ ನಮ್ಮ ಕರಾವಳಿಯ ತೇವಕ್ಕೆ ಬಾಚಣಿಗೆ ಎಷ್ಟು ಉಜ್ಜಿದರೂ ಕಾಗದದ ಚೂರು ಏಳುವುದಿಲ್ಲ, ಚಾರ್ಜು ಸೋರಿಹೋಗುತ್ತದೆ. ಅಲ್ಲಿ ಹಾಗೆ ಸೋರುವುದಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹ ನೆರಳಿನಲ್ಲಿ ಮೈನಸ್ 19,000 ವೋಲ್ಟ್‌ವರೆಗೆ ಇಳಿದಿತ್ತು!

ಆದರೆ ಇಡೀ ಮೈ ಒಟ್ಟಿಗೇ ಇಳಿದರೆ ದೊಡ್ಡ ಅಪಾಯವಿಲ್ಲ. ಒಂದೊಂದು ಭಾಗ ಒಂದೊಂದು ವೋಲ್ಟೇಜಿಗೆ ಹೋಗುವುದೇ ನಿಜವಾದ ಅಪಾಯ. ಸೌರಕೋಶದ ಮೇಲಿನ ಗಾಜು, ಹೊದಿಕೆಯ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆ, ಪಕ್ಕದ ಲೋಹ, ಎಲ್ಲದರ ಮಟ್ಟವೂ ಬೇರೆ. ವ್ಯತ್ಯಾಸ ಮಿತಿ ಮೀರಿದರೆ ಕಿಡಿ ಹಾರುತ್ತದೆ. ಆ ಕಿಡಿಯ ಮಿಡಿತ ವೈರುಗಳೊಳಗೆ ಹೊಕ್ಕು ಸರ್ಕ್ಯೂಟನ್ನೇ ದಾರಿ ತಪ್ಪಿಸಬಹುದು. 2010ರ ಏಪ್ರಿಲ್‌ನಲ್ಲಿ ಗ್ಯಾಲಕ್ಸಿ-15 ಉಪಗ್ರಹ ನೆಲದ ಮಾತು ಕೇಳುವುದನ್ನೇ ಬಿಟ್ಟಿತು. ಆಗ ಭೂಮಿಯ ಸುತ್ತ ಕಾಂತ ಬಿರುಗಾಳಿ (ಸೂರ್ಯನ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕಲಕುವುದು) ಎದ್ದಿತ್ತು, ಅನುಮಾನ ಚಾರ್ಜಿನ ಮೇಲೇ ಬಿತ್ತು. ಪ್ರಸಾರ ಮಾಡುತ್ತಲೇ ತಿಂಗಳುಗಟ್ಟಲೆ ಜಾಗ ಬಿಟ್ಟು ತೇಲಿತು. ಡಿಸೆಂಬರಿನಲ್ಲಿ ಬ್ಯಾಟರಿ ಬರಿದಾಗಿ ರೀಸೆಟ್ ಆದ ಮೇಲಷ್ಟೇ ಮತ್ತೆ ಕೈಗೆ ಸಿಕ್ಕಿತು.

ಪರಿಹಾರ ನನಗೆ ತುಂಬಾ ಇಷ್ಟ. ಬರುವ ಚಾರ್ಜನ್ನು ತಡೆಯಲು ಹೋಗುವುದಿಲ್ಲ, ಎಲ್ಲ ಕಡೆ ಸಮ ಮಾಡುತ್ತಾರೆ. ಗಾಜಿಗೆ ವಿದ್ಯುತ್ ಹರಿಯುವ ಪಾರದರ್ಶಕ ಲೇಪ ಹಚ್ಚಿ, ಹೊರಮೈಯ ಭಾಗಗಳನ್ನೆಲ್ಲ ಒಂದೇ ಗ್ರೌಂಡಿಗೆ, ಅಂದರೆ ಉಪಗ್ರಹದ ಲೋಹದ ಚೌಕಟ್ಟಿಗೆ, ತಂತಿಯಿಂದ ಕಟ್ಟುತ್ತಾರೆ. ತೀರಾ ಕೆಳಗೆ ಹಾರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಥೆ ಬೇರೆ. ಅದರ 160 ವೋಲ್ಟಿನ ಸೌರಫಲಕಗಳೇ ಮೈಗೆ ಚಾರ್ಜು ಏರಿಸುತ್ತವೆ. ಅಲ್ಲಿ ಕ್ಸೆನಾನ್ ಅನಿಲವನ್ನು ಪ್ಲಾಸ್ಮಾ ಮಾಡಿ ಹೊರಬಿಟ್ಟು ಚಾರ್ಜು ಇಳಿಸುತ್ತಾರೆ. ಹೊರಗಿಳಿದು ಕೆಲಸ ಮಾಡುವ ಗಗನಯಾತ್ರಿಗೆ ಶಾಕ್ ಹೊಡೆಯಬಾರದಲ್ವಾ.