ಒಂದು ಕಡೆ ಪಿಯುಸಿ, ಇನ್ನೊಂದು ಕಡೆ ಡಿಗ್ರಿ

ಟೊರೊಂಟೊದಲ್ಲಿ ನನಗೇನು ಕೆಲಸ ಅಂತ ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ ಒಂದೇ ಮಾತಲ್ಲಿ ಮುಗಿಸುತ್ತಾರೆ: "ಮಾರ್ಕ್ಸ್ ಕಾರ್ಡ್ ನೋಡೋ ಕೆಲಸ." ತಪ್ಪೇನಿಲ್ಲ. ಬೇರೆ ದೇಶಗಳಲ್ಲಿ ಓದಿದವರ ಡಿಗ್ರಿ ಇಲ್ಲಿನ ಯಾವ ಡಿಗ್ರಿಗೆ ಸಮ ಎಂದು ನೋಡಿ ವರದಿ ಬರೆಯುವ ಸಂಸ್ಥೆಯಲ್ಲಿ ಆರು ವರ್ಷದಿಂದ ಇದ್ದೇನೆ. ಓದು, ವಯಸ್ಸು, ಅನುಭವಕ್ಕೆಲ್ಲ ಪಾಯಿಂಟ್ ಕೊಟ್ಟು ಕೆನಡಾಕ್ಕೆ ವಲಸೆ ಬರುವವರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕಿದವರಿಗೆ ಇಸಿಎ, ಅಂದರೆ ಈ ವರದಿ, ಗೊತ್ತಿರುತ್ತದೆ. ಗಂಡ ಅಥವಾ ಹೆಂಡತಿ ಜೊತೆಗಿಲ್ಲದೆ ಅರ್ಜಿ ಹಾಕುವವರಿಗೆ ಬ್ಯಾಚುಲರ್ ಡಿಗ್ರಿಗೆ 120 ಪಾಯಿಂಟ್, ಮಾಸ್ಟರ್ಸ್‌ಗೆ 135, ಎರಡು ವರ್ಷದ ಡಿಪ್ಲೊಮಾಗೆ 98. ನಾನು ಒಂದು ಸಾಲು ತಪ್ಪಾಗಿ ಬರೆದರೆ ಯಾರದೋ 22 ಪಾಯಿಂಟ್ ಹೋಯಿತು ಅಂತ ಲೆಕ್ಕ.

ಸೇರಿದ ಹೊಸದರಲ್ಲಿ ಅದಕ್ಕಿಂತ ದೊಡ್ಡದನ್ನೇ ಮಾಡಿದ್ದೆ.

ಆ ವಾರ ಕೊಲಂಬಿಯಾದ ಫೈಲುಗಳು ಜಾಸ್ತಿ ಬಂದಿದ್ದವು. ಎಲ್ಲದರಲ್ಲೂ 'ಬಾಚಿಯೇರ್' ಎಂಬ ಸರ್ಟಿಫಿಕೇಟು. ಅಲ್ಲಿ ಹನ್ನೊಂದನೇ ತರಗತಿ ಮುಗಿಸಿದರೆ ಕೊಡುವುದು ಅದು. ನಮ್ಮ ಪಿಯುಸಿ ಇದ್ದಂತೆ. ಸೋಮವಾರದಿಂದ ಗುರುವಾರದವರೆಗೆ ಹೈಸ್ಕೂಲ್, ಹೈಸ್ಕೂಲ್ ಅಂತ ಬರೆದು ಕೈ ಅದಕ್ಕೇ ಒಗ್ಗಿಹೋಗಿತ್ತು. ಶುಕ್ರವಾರ ಪೆರು ದೇಶದ ಒಂದು ಫೈಲು ಬಂತು. ಅದರಲ್ಲೂ ಬಾಚಿಯೇರ್. ಅದೇ ಸ್ಪ್ಯಾನಿಷ್, ಅದೇ ಪದ. ಹೈಸ್ಕೂಲ್ ಎಂದು ಬರೆದು ಮುಂದಕ್ಕೆ ಕಳಿಸಿದೆ.

ಸಂಜೆ ನಮ್ಮ ಸೀನಿಯರ್ ಫೈಲು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ರೊಮೇನಿಯಾದವರು, ದನಿ ಎತ್ತರಿಸಿ ಮಾತಾಡಿದ್ದು ನಾನು ಕೇಳಿಯೇ ಇಲ್ಲ. ಅಂಕಪಟ್ಟಿ ಬಿಡಿಸಿ, "ಸೆಮಿಸ್ಟರ್ ಎಣಿಸು" ಅಂದರು. ಎಣಿಸಿದೆ. ಹತ್ತು. ಐದು ವರ್ಷದ ಯೂನಿವರ್ಸಿಟಿ ಓದು. ಪೆರುವಿನಲ್ಲಿ ಬಾಚಿಯೇರ್ ಅಂದರೆ ಡಿಗ್ರಿ. ಅದನ್ನು ಹಿಡಿದುಕೊಂಡು ಹೋದರೆ ಸೀದಾ ಮಾಸ್ಟರ್ಸ್‌ಗೆ ಸೇರಿಸಿಕೊಳ್ಳುತ್ತಾರೆ. ಕೊಲಂಬಿಯಾದ ಬಾಚಿಯೇರ್ ಹಿಡಿದು ಹೋದವನು ಕಾಲೇಜಿನ ಮೊದಲ ವರ್ಷದ ಬೆಂಚಿನ ಮೇಲೆ ಕೂರಬೇಕು. ಒಬ್ಬ ಇಂಜಿನಿಯರನ್ನು ನಾನು ಪಿಯುಸಿ ಪಾಸ್ ಮಾಡಿ ಕೂರಿಸಿದ್ದೆ.

"ಮೇಲೆ ಏನು ಬರೆದಿದೆ ಅನ್ನೋದನ್ನ ಕೊನೆಗೆ ಓದು. ಈ ಕಾಗದ ಇಟ್ಕೊಂಡು ಅವರ ಊರಲ್ಲೇ ಮುಂದೆ ಎಲ್ಲಿಗೆ ಸೇರಬಹುದು, ಅದನ್ನ ಮೊದಲು ನೋಡು." ಅಷ್ಟೇ ಹೇಳಿ ಹೋದರು. ವರದಿ ಇನ್ನೂ ಹೊರಗೆ ಹೋಗಿರಲಿಲ್ಲ, ಪುಣ್ಯ.

ಆಮೇಲೆ ಅದೇ ಪ್ರಶ್ನೆ ನಮ್ಮ ಕರ್ನಾಟಕದ ಫೈಲಿಗೇ ಬೇಕಾಯಿತು. ಪಕ್ಕದ ಸಹೋದ್ಯೋಗಿ ವಿಟಿಯುನ ಒಂದು ಬಿ.ಇ. ಫೈಲು ತಂದು ತೋರಿಸಿದರು. ಅಂಕಪಟ್ಟಿ ಶುರುವಾಗುವುದೇ ಮೂರನೇ ಸೆಮಿಸ್ಟರಿನಿಂದ. ಮೊದಲಿನ ಎರಡು ಎಲ್ಲಿ? ಕಳೆದುಹೋಯಿತೋ, ಬೇಕಂತಲೇ ಮುಚ್ಚಿಟ್ಟಿದ್ದಾರೋ ಅಂತ ಅವರಿಗೆ ಅನುಮಾನ. ನನಗೆ ನಗು ಬಂತು. ನಮ್ಮ ಬೀದಿಯಲ್ಲೇ ಹೀಗೆ ಓದಿದವರು ನಾಲ್ಕು ಜನ ಇದ್ದರು. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ, ಅಲ್ಲಿಂದ ಲ್ಯಾಟರಲ್ ಎಂಟ್ರಿ, ಬಿ.ಇ. ಎರಡನೇ ವರ್ಷಕ್ಕೆ. ಆರು ಸೆಮಿಸ್ಟರೇ ಇರಬೇಕು, ಎಂಟು ಇದ್ದರೆ ಅನುಮಾನ ಪಡಬೇಕು. ಅರ್ಜಿ ಹಾಕಿದವರು ಡಿಪ್ಲೊಮಾದ ಕಾಗದ ಕಳಿಸಿರಲಿಲ್ಲ. ಡಿಗ್ರಿ ಇರುವಾಗ ಡಿಪ್ಲೊಮಾ ಯಾಕೆ ಅಂದುಕೊಂಡಿರಬೇಕು, ಪಾಪ. ಲ್ಯಾಟರಲ್ ಎಂಟ್ರಿಯಲ್ಲಿ ಹೋದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಎರಡನ್ನೂ ಕಳಿಸಿ. ಅದಿಲ್ಲದಿದ್ದರೆ ನಾವು ಪತ್ರ ಬರೆಯಬೇಕು, ನೀವು ಉತ್ತರ ಕೊಡಬೇಕು, ಎಲ್ಲ ಸೇರಿ ತಿಂಗಳುಗಟ್ಟಲೆ ಆಗುತ್ತದೆ.

ವಿಟಿಯು ಹೆಸರು ಬಂದಿದ್ದಕ್ಕೆ ಇನ್ನೊಂದು. ಒಮ್ಮೆ 1997ರ ಘಟಿಕೋತ್ಸವದ ವಿಟಿಯು ಸರ್ಟಿಫಿಕೇಟು ಬಂದಿತ್ತು. ಕಾಗದ, ಮುದ್ರೆ, ಸಹಿ ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಆ ಯೂನಿವರ್ಸಿಟಿ ಶುರುವಾಗಿದ್ದೇ 1998ರಲ್ಲಿ ಅಲ್ವಾ. ಇಷ್ಟು ಖರ್ಚು ಮಾಡಿ ನಕಲಿ ಮಾಡಿಸಿದವರು ಇದೊಂದನ್ನು ನೋಡಿಕೊಂಡಿರಲಿಲ್ಲ.

ಹಾಗಂತ ಇಸವಿ ನೋಡಿದ ಕೂಡಲೇ ನಕಲಿ ಅನ್ನುವಂತೆಯೂ ಇಲ್ಲ. ನೇಪಾಳದ ಸರ್ಟಿಫಿಕೇಟಿನ ಮೇಲೆ 2064 ಅಂತ ಇರುತ್ತದೆ, ಥಾಯ್ಲೆಂಡಿನದರ ಮೇಲೆ 2550, ಇರಾನಿನದರ ಮೇಲೆ 1386. ಮೂರೂ ಹೆಚ್ಚುಕಡಿಮೆ ನಮ್ಮ 2007. ಪಂಚಾಂಗ ನೋಡಿ ಹಬ್ಬ ಮಾಡುವ ಮನೆಯಲ್ಲಿ ಬೆಳೆದ ನನಗೆ ಶಕೆ ಬೇರೆ, ಇಸವಿ ಬೇರೆ ಅನ್ನುವುದು ಹೊಸದಲ್ಲ. ಆದರೂ ಮೊದಲ ಸಲ 2064 ನೋಡಿದಾಗ ಟೈಪಿಂಗ್ ತಪ್ಪಿರಬೇಕು ಅಂದುಕೊಂಡಿದ್ದೆ.

ಅಂಕಗಳದ್ದೂ ಇದೇ ಕಥೆ. ನಮ್ಮಲ್ಲಿ 60 ಬಂದರೆ ಫಸ್ಟ್ ಕ್ಲಾಸ್, ಮನೆಯಲ್ಲಿ ಪಾಯಸ. ಆ 60ನ್ನು ಹಾಗೇ ಇಲ್ಲಿನವರ ಮುಂದಿಟ್ಟರೆ ದಡ್ಡ ಹುಡುಗ ಅಂದುಕೊಳ್ಳುತ್ತಾರೆ. ಜರ್ಮನಿಯಲ್ಲಿ 1 ಬಂದವನು ಎಲ್ಲರಿಗಿಂತ ಮುಂದೆ, 5 ಬಂದವನು ಫೇಲು. ರಷ್ಯಾದಲ್ಲಿ 5 ಬಂದವನೇ ಜಾಣ. ಫ್ರಾನ್ಸಿನಲ್ಲಿ 20ಕ್ಕೆ 10 ಬಂದರೆ ಪಾಸು, 16 ಬಂದರೆ ಬಲು ಚೆನ್ನಾಗಿ ಓದಿದ ಹಾಗೆ. ಅದನ್ನು ಐದರಿಂದ ಗುಣಿಸಿ 80 ಪರ್ಸೆಂಟ್ ಅಂತ ಬರೆದರೆ ಆ ಹುಡುಗನಿಗೆ ಮೋಸ ಮಾಡಿದಂತೆ. ಆ ಊರಿನ ಮೇಷ್ಟ್ರುಗಳು ಎಷ್ಟು ಕೈಬಿಚ್ಚಿ ಅಂಕ ಹಾಕುತ್ತಾರೆ ಅನ್ನುವುದನ್ನೂ ಸೇರಿಸಿಯೇ ನಾವು ಲೆಕ್ಕ ಹಾಕಬೇಕು.

ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಕೂತಾಗ ಪ್ರತಿ ವರ್ಷ ಯಾರಾದರೂ ಕೇಳುವ ಪ್ರಶ್ನೆ ಒಂದಿದೆ: "ಅಲ್ಲಾ ಸಾರ್, ನಾನೂ ನಮ್ಮ ಭಾವನೂ ಒಂದೇ ಕಾಲೇಜಲ್ಲಿ ಬಿ.ಕಾಂ. ಮಾಡಿದ್ದು. ನನ್ನದಕ್ಕೆ ಇಲ್ಲಿ ಡಿಗ್ರಿ ಅಂತ ಕೊಟ್ರು, ಅಮೆರಿಕದಲ್ಲಿ ಅವನದಕ್ಕೆ ಕೊಡಲಿಲ್ಲ. ಇದ್ಯಾವ ನ್ಯಾಯ?" ಕೆನಡಾದಲ್ಲಿ ಮೂರು ವರ್ಷದ ಡಿಗ್ರಿ ಹೊಸದೇನಲ್ಲ. ಒಂಟಾರಿಯೊದ ಯೂನಿವರ್ಸಿಟಿಗಳೇ ಕೊಡುತ್ತವೆ. ಹಾಗಾಗಿ ನಮ್ಮ ಬಿ.ಎ., ಬಿ.ಕಾಂ.ಗಳಿಗೆ 'ಮೂರು ವರ್ಷದ ಬ್ಯಾಚುಲರ್ ಡಿಗ್ರಿ' ಎಂದು ಬರೆಯಲು ಕಷ್ಟವಿಲ್ಲ. ಅಮೆರಿಕದಲ್ಲಿ ಡಿಗ್ರಿ ಅಂದರೆ ನಾಲ್ಕು ವರ್ಷ. ಅಲ್ಲಿ ಕೆಲವು ಸಂಸ್ಥೆಗಳು ನಮ್ಮ ಮೂರು ವರ್ಷವನ್ನು ಅದಕ್ಕೆ ಸಮ ಎನ್ನುತ್ತವೆ, ಕೆಲವು 'ಮೂರು ವರ್ಷದ ಓದು' ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತವೆ. ನನ್ನನ್ನು ಕೇಳಿದರೆ ಎರಡನೆಯದು ಸೋಮಾರಿತನ. ಬಿ.ಕಾಂ. ಆದವನು ನಮ್ಮಲ್ಲಿ ಎಂ.ಕಾಂ.ಗೆ ಸೇರುತ್ತಾನೋ ಇಲ್ಲವೋ, ಅದನ್ನು ನೋಡಬೇಕು.

ಮುಂದಿನ ಕೆಲವು ವರ್ಷ ಕರ್ನಾಟಕದ ಫೈಲು ಬಂದಾಗ ನಾನೂ ಎರಡು ಸಲ ನೋಡಬೇಕಾಗುತ್ತದೆ. 2021ರಲ್ಲಿ ಎನ್ಇಪಿ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಬಂದು ನಾಲ್ಕು ವರ್ಷದ ಆನರ್ಸ್ ಶುರುವಾಯಿತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಬಂತು. ಅಕ್ಕ ಒಂದು ಪದ್ಧತಿ, ತಂಗಿ ಇನ್ನೊಂದು. ಯೂನಿವರ್ಸಿಟಿ ಅದೇ, ಸರ್ಟಿಫಿಕೇಟಿನ ಬಣ್ಣವೂ ಅದೇ.

ಇನ್ನು ಕನ್ನಡದವರ ಫೈಲು ನಿಲ್ಲುವುದು ಹೆಚ್ಚಾಗಿ ಓದಿನಿಂದಲ್ಲ, ಇನಿಶಿಯಲ್‌ನಿಂದ. ಎಸ್ಸೆಸ್ಸೆಲ್ಸಿಯಲ್ಲಿ 'ಮಂಜುನಾಥ ಎಚ್.ಆರ್.', ಡಿಗ್ರಿಯಲ್ಲಿ 'ಎಚ್.ಆರ್. ಮಂಜುನಾಥ್', ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಒಂದು ಮಾರುದ್ದ. ಇಲ್ಲಿನ ಕಂಪ್ಯೂಟರಿಗೆ ಇವರು ಮೂರು ಜನ. ಅದರ ಮೇಲೆ ಸರ್‌ನೇಮ್ ಕಾಲಂ ಖಾಲಿ ಬಿಡುವಂತಿಲ್ಲ ಅಂತ ಕೆಲವರು ಊರಿನ ಹೆಸರನ್ನೇ ಹಾಕಿರುತ್ತಾರೆ. ಆಮೇಲೆ ಆಫೀಸಿನಲ್ಲಿ ಎಲ್ಲರೂ ಅವರನ್ನು "ಮಿಸ್ಟರ್ ಹೊಸಹಳ್ಳಿ" ಅಂತ ಕರೆಯುತ್ತಾರೆ. ಮೂರೂ ಹೆಸರು ಒಬ್ಬರದೇ ಎಂಬ ಒಂದು ಅಫಿಡವಿಟ್ಟನ್ನು ಊರಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಿ. ಇಲ್ಲಿಗೆ ಬಂದಮೇಲೆ ಅದಕ್ಕೆ ಓಡಾಡುವುದು ಬಲು ತಲೆನೋವು.

ಕವರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಯೂನಿವರ್ಸಿಟಿ ಟ್ರಾನ್ಸ್‌ಕ್ರಿಪ್ಟನ್ನು ಕವರಿಗೆ ಹಾಕಿ, ಅಂಟಿಸಿ, ಅಂಟಿಸಿದ ಜಾಗದ ಮೇಲೆ ಮುದ್ರೆ ಒತ್ತಿ ಕೊಡುತ್ತದೆ. ಅದನ್ನು ಒಡೆಯಬಾರದು. ಒಳಗೆ ಸರಿಯಾಗಿ ಹಾಕಿದ್ದಾರೋ ಇಲ್ಲವೋ ನೋಡೋಣ ಅಂತ ಸುಮ್ನೆ ಒಮ್ಮೆ ತೆರೆದರೂ ಆ ಕವರು ನಮಗೆ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಮಾಡಿಸಬೇಕು.

ಹೋದ ವರ್ಷ ಹೀಗೆ ಬಂದ ಒಂದು ಕವರಿನ ಹಿಂಭಾಗದಲ್ಲಿ, ಮುದ್ರೆಯ ಪಕ್ಕದಲ್ಲೇ, ಕೆಂಪಗೆ ಏನೋ ಅಂಟಿತ್ತು. ಟಪಾಲು ವಿಭಾಗದವರು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಯಾರೋ ಸೀಲು ಒಡೆದು ಮತ್ತೆ ಅಂಟಿಸಿರಬಹುದು ಎಂದು ಚೀಟಿ ಹಚ್ಚಿ ನನಗೆ ಕಳಿಸಿದರು. ದೀಪದ ಕೆಳಗೆ ಹಿಡಿದು ನೋಡಿದೆ. ಅಂಟು ಒಂದು ಎಳೆಯೂ ಕಿತ್ತಿರಲಿಲ್ಲ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಅರಿಶಿನ, ಅದರ ಮೇಲೆ ಕುಂಕುಮ. ಮೂಗಿನ ಹತ್ತಿರ ತಂದರೆ ಊದುಬತ್ತಿಯ ವಾಸನೆ ಇನ್ನೂ ಇತ್ತು. ಪೋಸ್ಟಿಗೆ ಹಾಕುವ ಮುಂಚೆ ಯಾರೋ ಅಮ್ಮ ದೇವರ ಮುಂದೆ ಇಟ್ಟಿದ್ದಾರೆ.

ರಿಮಾರ್ಕ್ಸ್ ಕಾಲಂನಲ್ಲಿ ಬರೆದೆ: ಸೀಲು ಸರಿಯಾಗಿದೆ. ಕೆಂಪು ಬಣ್ಣ ಪೂಜೆಯ ಕುಂಕುಮ. ಸ್ವೀಕರಿಸಬಹುದು.