ಡೇಟಾಬೇಸ್ ಆರಿಸುವ ಮೊದಲು ಅಂಗಡಿಯ ಖಾತೆ ಪುಸ್ತಕ ತೆಗೆಯಿರಿ

ಸಣ್ಣ ವ್ಯಾಪಾರಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬರ ಇಲ್ಲ. ಪೀಣ್ಯದ ವರ್ಕ್‌ಶಾಪ್ ಇರಲಿ, ಚಿಕ್ಕಪೇಟೆಯ ಸೀರೆ ಹೋಲ್‌ಸೇಲ್ ಇರಲಿ, ಯಶವಂತಪುರ ಎಪಿಎಂಸಿ ಯಾರ್ಡಿನ ಮಂಡಿ ಇರಲಿ, ಎಲ್ಲರಿಗೂ ಬಿಲ್, ಸ್ಟಾಕ್, ಬಾಕಿ ಲೆಕ್ಕ ಬೇಕೇ ಬೇಕು. ಎಲ್ಲರೂ ಮೊದಲು ಕೇಳುವುದು ಇದನ್ನೇ: ಯಾವ ಡೇಟಾಬೇಸ್ ಹಾಕ್ತೀರಿ, ಓಪನ್ ಸೋರ್ಸ್ ಆದರೆ ನಡೆಯುತ್ತಾ?

ಧಾರಾಳವಾಗಿ ನಡೆಯುತ್ತೆ. ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ಬದಲಿಸಬಹುದಾದ ಸಾಫ್ಟ್‌ವೇರ್. ಪೋಸ್ಟ್‌ಗ್ರೆಸ್ ಆಗಲಿ, ಮಾರಿಯಾಡಿಬಿ ಆಗಲಿ, ಒಂದೇ ಕಂಪ್ಯೂಟರ್ ಇರುವ ಅಂಗಡಿಗೆ ಎಸ್‌ಕ್ಯುಎಲ್‌ಐಟ್ ಆಗಲಿ, ನಮ್ಮ ವ್ಯಾಪಾರಿಗಳ ಲೆಕ್ಕವನ್ನು ಆರಾಮಾಗಿ ಹೊರುತ್ತವೆ. ತೊಂದರೆ ಬರುವುದು ಬೇರೆ ಕಡೆಯಿಂದ. ಅಂಗಡಿಯ ಲೆಕ್ಕ ನಿಜವಾಗಿ ಹೇಗಿದೆ ಅಂತ ನೋಡದೆ, ಎಲ್ಲೋ ಮಾಡಿಟ್ಟ ಟೇಬಲ್‌ಗಳಿಗೆ ಅದನ್ನು ತುರುಕಿದಾಗ. ಅದಕ್ಕೇ ನಾನು ಈಗ ಯಾವ ಡೇಟಾಬೇಸ್ ಅನ್ನುವ ಮಾತಿಗೆ ಮುಂಚೆ ಖಾತೆ ಪುಸ್ತಕ ಕೇಳುತ್ತೇನೆ. ಕೈಬರಹದ್ದೇ ಆದರೂ ಪರವಾಗಿಲ್ಲ.

ಒಂದು ಮಂಡಿಯ ಕೆಲಸವನ್ನೇ ಹೇಳುತ್ತೇನೆ. ಬೇಳೆಕಾಳು ವ್ಯಾಪಾರ. ಗಿರಾಕಿಗಳು ತುಮಕೂರು, ದೊಡ್ಡಬಳ್ಳಾಪುರ, ಕನಕಪುರ ಕಡೆಯ ಅಂಗಡಿಯವರು, ಹೆಚ್ಚಿನವರದ್ದು ಉದ್ರಿ ಖಾತೆ. ಮುಂಚೆ ಯಾರೋ ಮಾಡಿಕೊಟ್ಟ ಸಾಫ್ಟ್‌ವೇರ್ ಇತ್ತು, ಅದರಿಂದ ಹೊಸದಕ್ಕೆ ಡೇಟಾ ತರುವ ಕೆಲಸ ನಮ್ಮದು. ಹಳೆಯದನ್ನು ತೆಗೆದು ನೋಡಿದರೆ ಗಿರಾಕಿಗಳ ಹೆಸರಿನ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ.

ಕಾರಣ ಹಳೇದೇ. ಆ ಸಾಫ್ಟ್‌ವೇರ್ ಮೈಎಸ್‌ಕ್ಯುಎಲ್ ಅನ್ನುವ ಡೇಟಾಬೇಸ್ ಬಳಸುತ್ತಿತ್ತು. 8.0 ಆವೃತ್ತಿ ಬರುವ ತನಕ ಅದರ ಡಿಫಾಲ್ಟ್ ಅಕ್ಷರ ಪಟ್ಟಿ ಲ್ಯಾಟಿನ್1. ಅದರಲ್ಲಿ ಕನ್ನಡವೇ ಇಲ್ಲ. ಸೆಟ್ಟಿಂಗ್ ಸಡಿಲವಾಗಿದ್ದರೆ, ಕನ್ನಡದ ಹೆಸರು ಕೊಟ್ಟಾಗ ತನಗೆ ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಅದು ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದಿಡುತ್ತದೆ. ಇಲ್ಲೊಂದು ವ್ಯತ್ಯಾಸ ಗೊತ್ತಿರಲಿ. ಹೆಸರು ವಿಚಿತ್ರವಾದ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತಿದ್ದರೆ ಬೈಟ್‌ಗಳು (ಕಂಪ್ಯೂಟರ್ ಅಕ್ಷರವನ್ನು ಇಟ್ಟುಕೊಳ್ಳುವ ಅಂಕಿಗಳು) ಒಳಗೆ ಸರಿಯಾಗಿಯೇ ಇರುವ ಸಾಧ್ಯತೆ ಜಾಸ್ತಿ, ಓದುವ ರೀತಿ ತಪ್ಪಿದೆ ಅಷ್ಟೇ, ವಾಪಸ್ ತರಬಹುದು. ಪ್ರಶ್ನಾರ್ಥಕ ಚಿಹ್ನೆಯೇ ಕೂತಿದ್ದರೆ ಹೆಸರು ಹೋಯಿತು. ಯಾವ ಟೂಲ್ ತಂದರೂ ಬರುವುದಿಲ್ಲ. ಮಂಡಿಯ ಗುಮಾಸ್ತರು ಹಳೇ ಪುಸ್ತಕಗಳನ್ನು ಕಾಪಾಡಿ ಇಟ್ಟಿದ್ದರು. ಅವರು ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಓದಿ ಹೇಳಿ ಮತ್ತೆ ಟೈಪ್ ಮಾಡಿಸಿದರು. ಆ ಪುಸ್ತಕ ಇಲ್ಲದಿದ್ದರೆ ಯಾರ ಬಾಕಿ ಯಾರದ್ದು ಅಂತ ಹೇಳೋಕೆ ದಾರಿಯೇ ಇರಲಿಲ್ಲ.

ಮೈಎಸ್‌ಕ್ಯುಎಲ್ ಬಳಸುವವರು ಇನ್ನೊಂದು ನೋಡಿಕೊಳ್ಳಬೇಕು. ಯುಟಿಎಫ್8 ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ. ಮೈಎಸ್‌ಕ್ಯುಎಲ್‌ನಲ್ಲಿ ಬರೀ ಯುಟಿಎಫ್8 ಅಂತ ಇರುವುದು ಅಕ್ಷರಕ್ಕೆ ಮೂರು ಬೈಟ್ ತನಕ ಮಾತ್ರ. ಕನ್ನಡಕ್ಕೆ ಮೂರು ಬೈಟ್ ಸಾಕು, ಹಾಗಾಗಿ ಟೆಸ್ಟ್ ಮಾಡುವಾಗ ಎಲ್ಲ ಸರಿ ಕಾಣುತ್ತೆ. ಗಿರಾಕಿ ವಾಟ್ಸ್ಯಾಪ್‌ನಿಂದ ನಕಲು ಮಾಡಿದ ಆರ್ಡರ್‌ನಲ್ಲಿ ಒಂದು ಇಮೋಜಿ ಬಂದ ಕೂಡಲೇ ನಿಂತುಹೋಗುತ್ತೆ, ಅದಕ್ಕೆ ನಾಲ್ಕು ಬೈಟ್ ಬೇಕು. ಯುಟಿಎಫ್8ಎಂಬಿ4 ಅಂತಲೇ ಹೇಳಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಈ ಗೋಜಲು ಇಲ್ಲ, ಯುಟಿಎಫ್8 ಅಂದರೆ ಪೂರ್ತಿ ಯುಟಿಎಫ್8.

ಇಷ್ಟಾದ ಮೇಲೆ ನಿಜವಾದ ತಲೆನೋವು ಶುರುವಾಯಿತು. ಒಬ್ಬ ಗಿರಾಕಿ ದುಡ್ಡು ಕಟ್ಟಿದ್ದಾರೆ, ರಸೀದಿ ಇದೆ, ಆದರೂ ಖಾತೆಯಲ್ಲಿ ಬಾಕಿ ಹಾಗೇ ತೋರಿಸುತ್ತಿದೆ. ಹುಡುಕಿದರೆ ಅದೇ ಹೆಸರಿನಲ್ಲಿ ಎರಡು ಖಾತೆ. ಎರಡರಲ್ಲೂ 'ಕುಮಾರ್' ಅಂತಲೇ ಕೊನೆ, ಕಣ್ಣಿಗೆ ಒಂದೇ. ಒಂದರ ಕೊನೆಯಲ್ಲಿ ಮಾತ್ರ ಕಾಣದ ಒಂದು ಅಕ್ಷರ ಇತ್ತು, ಒತ್ತಕ್ಷರ ಆಗದ ಹಾಗೆ ತಡೆಯಲು ಹಾಕುವ ಜೀರೋ ವಿಡ್ತ್ ನಾನ್ ಜಾಯ್ನರ್. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರದ ಹಿಂದೆ ಅದನ್ನು ತಾವಾಗಿಯೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಡೇಟಾಬೇಸ್‌ಗೆ ಅವು ಎರಡು ಬೇರೆ ಹೆಸರು. 'ಹೊ' ಅನ್ನುವುದನ್ನೂ ಹಾಗೇ ಎರಡು ರೀತಿ ಬರೆಯಬಹುದು: ಹ ಜೊತೆಗೆ ಒಂದೇ ಚಿಹ್ನೆಯಾಗಿ, ಇಲ್ಲವೇ ಎತ್ವ ಮತ್ತು ದೀರ್ಘ ಉತ್ವ ಎರಡು ಚಿಹ್ನೆಯಾಗಿ. ತೆರೆಯ ಮೇಲೆ ವ್ಯತ್ಯಾಸ ಕಾಣಲ್ಲ.

ಈ ಎರಡನೆಯದನ್ನು ಯುನಿಕೋಡ್ ನಾರ್ಮಲೈಸೇಶನ್ ಸರಿಮಾಡುತ್ತದೆ. ಯುನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟ ಪಟ್ಟಿ, ನಾರ್ಮಲೈಸೇಶನ್ ಅಂದರೆ ಎರಡು ರೀತಿ ಬರೆದದ್ದನ್ನು ಒಂದೇ ರೀತಿಗೆ ತರುವುದು. ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ ನಾರ್ಮಲೈಸ್ ಅನ್ನುವ ಫಂಕ್ಷನ್ ಒಳಗೇ ಇದೆ. ಆದರೆ ಆ ಕಾಣದ ಅಕ್ಷರವನ್ನು ಅದು ತೆಗೆಯುವುದಿಲ್ಲ, ನಾವೇ ತೆಗೆಯಬೇಕು. ನಾವು ಮಾಡಿದ್ದು ಇಷ್ಟು: ಗುಮಾಸ್ತರು ಟೈಪ್ ಮಾಡಿದ ಹೆಸರನ್ನು ಮುಟ್ಟದೆ ಒಂದು ಕಾಲಂನಲ್ಲಿ ಇಟ್ಟು, ಪಕ್ಕದಲ್ಲಿ ಹುಡುಕುವುದಕ್ಕೆ ಅಂತಲೇ ಶುದ್ಧ ಮಾಡಿದ ಇನ್ನೊಂದು ಕಾಲಂ. ಹೊಸ ಗಿರಾಕಿ ಸೇರಿಸುವಾಗ ಈ ಎರಡನೆಯದನ್ನೇ ಹೋಲಿಸಿ, ಅದೇ ಊರಿನಲ್ಲಿ ಅದೇ ಹೆಸರು ಇದ್ದರೆ ಮೊದಲು ತೋರಿಸುತ್ತದೆ. ನಮ್ಮ ಕೆಲಸದಲ್ಲಿ ಅವರಿಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಇದೇ ಅಂತ ನನಗೆ ಅನಿಸುತ್ತೆ, ಯಾಕಂದ್ರೆ ಉದ್ರಿ ವ್ಯಾಪಾರದಲ್ಲಿ ಹೆಸರು ಒಡೆದರೆ ದುಡ್ಡೂ ಒಡೆಯುತ್ತದೆ.

ಅಕ್ಷರಗಳ ಲೆಕ್ಕವೂ ನೋಡಿ. 'ಶ್ರೀ' ನಮಗೆ ಒಂದು ಅಕ್ಷರ, ಡೇಟಾಬೇಸ್‌ಗೆ ನಾಲ್ಕು. ಇಂಗ್ಲಿಷ್ ಹೆಸರು ಲೆಕ್ಕ ಹಾಕಿ 30 ಅಂತ ಮಿತಿ ಇಟ್ಟರೆ ಕನ್ನಡದ ಅಂಗಡಿ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ವಿಂಗಡಣೆಯೂ ಅಷ್ಟೆ. ಯುನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಆದ ಮೇಲೆ, ವರ್ಣಮಾಲೆಯಲ್ಲಿ ಹ ಆದ ಮೇಲೆ. ಬರೀ ಕೋಡ್ ಪ್ರಕಾರ ಜೋಡಿಸಿದರೆ ಬಳ್ಳಾರಿ ಬಸವನಗುಡಿಗಿಂತ ಮುಂದೆ ಬರುತ್ತೆ. ಪುಸ್ತಕದ ಕ್ರಮಕ್ಕೆ ಒಗ್ಗಿದವರು ಹುಡುಕುತ್ತಾ ಕೂರುತ್ತಾರೆ. ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಇದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ, ಆಮೇಲೆ ಒಳಗೆ ಬಿಡಿ.

ದುಡ್ಡಿನ ವಿಷಯಕ್ಕೆ ಬರೋಣ. ದುಡ್ಡನ್ನು ಫ್ಲೋಟ್ ಆಗಿ, ಅಂದರೆ ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಸಂಖ್ಯೆಯಾಗಿ, ಇಡಬೇಡಿ. 0.1ಕ್ಕೆ 0.2 ಕೂಡಿದರೆ ಅದರಲ್ಲಿ ಸರಿಯಾಗಿ 0.3 ಬರುವುದಿಲ್ಲ. ದಶಮಾಂಶವನ್ನು ನಿಖರವಾಗಿ ಇಡುವ ನ್ಯೂಮರಿಕ್ ಬಳಸಿ, ಅಥವಾ ಪೈಸೆಯಲ್ಲಿ ಪೂರ್ಣ ಸಂಖ್ಯೆ ಇಡಿ. ಇದು ಎಲ್ಲರೂ ಹೇಳುವ ಮಾತು. ಯಾರೂ ಹೇಳದ್ದು ತೊಗರಿಬೇಳೆಯ ಕಥೆ. 2022ರ ಜುಲೈ 18ರಿಂದ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಕಾಳಿಗೆ, ಚೀಲ 25 ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಶೇಕಡಾ 5 ಜಿಎಸ್‌ಟಿ. 50 ಕೆಜಿ ಮೂಟೆಗೆ ಇಲ್ಲ. ಅದೇ ಬೇಳೆ, ಅದೇ ಮಂಡಿ. ಹಳೇ ಸಾಫ್ಟ್‌ವೇರಿನಲ್ಲಿ ತೆರಿಗೆ ದರ ಸಾಮಾನಿನ ಹೆಸರಿಗೆ ಅಂಟಿತ್ತು, ಹಾಗಾಗಿ ಗುಮಾಸ್ತರು ಪ್ರತಿ ಬಿಲ್ಲಿನಲ್ಲೂ ಕೈಯಿಂದ ತಿದ್ದುತ್ತಿದ್ದರು. ದರ ಇರಬೇಕಾದ್ದು ಸಾಮಾನು, ಪ್ಯಾಕಿಂಗ್, ಯಾವ ತಾರೀಖಿನಿಂದ ಅನ್ನುವ ಮೂರೂ ಸೇರಿದ ಟೇಬಲ್‌ನಲ್ಲಿ. ಹಳೇ ಬಿಲ್ ಮತ್ತೆ ಪ್ರಿಂಟ್ ಹಾಕಿದರೆ ಹಳೇ ದರವೇ ಬರಬೇಕು, ಅಲ್ವಾ? ಇದಕ್ಕೂ ಯಾವ ಡೇಟಾಬೇಸ್ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಚೀಲ ನೋಡಿದವರಿಗೆ ಮಾತ್ರ ಹೊಳೆಯುವ ವಿಷಯ.

ಮಂಡಿಯ ಯಜಮಾನರಿಗೆ ಬೇರೆಯೇ ಅನುಮಾನ ಇತ್ತು. "ನೋಡಮ್ಮ, ಇವತ್ತು ಪುಕ್ಕಟೆ ಅಂತೀರಿ. ನಾಳೆ ಯಾರೋ ಬಂದು ವರ್ಷಕ್ಕಿಷ್ಟು ಕಟ್ಟಿ ಅಂದ್ರೆ?"

ಒಳ್ಳೇ ಪ್ರಶ್ನೆ. ಹಾಗೆ ಆಗಿದ್ದೂ ಇದೆ. ರೆಡಿಸ್ ಅನ್ನುವ ಡೇಟಾಬೇಸ್ 2024ರ ಮಾರ್ಚ್‌ನಲ್ಲಿ ಓಪನ್ ಸೋರ್ಸ್ ಬಿಟ್ಟು ಲೈಸೆನ್ಸ್ ಬದಲಿಸಿತು. ಕೂಡಲೇ ಹಳೇ ಕೋಡ್ ತೆಗೆದುಕೊಂಡು ಲಿನಕ್ಸ್ ಫೌಂಡೇಶನ್ ಅನ್ನುವ ಲಾಭರಹಿತ ಸಂಸ್ಥೆಯ ಅಡಿಯಲ್ಲಿ ವ್ಯಾಲ್ಕೀ ಅನ್ನುವ ಬೇರೆ ಡೇಟಾಬೇಸ್ ಶುರುವಾಯಿತು. 2025ರಲ್ಲಿ ರೆಡಿಸ್ ಕೂಡ ಮತ್ತೆ ಓಪನ್ ಸೋರ್ಸ್ ಲೈಸೆನ್ಸ್ ಒಂದನ್ನು ಸೇರಿಸಿತು. ಮೈಎಸ್‌ಕ್ಯುಎಲ್ ಅನ್ನು ಸನ್ ಅನ್ನುವ ಕಂಪನಿ ಕೊಂಡಿತು, ಸನ್ ಅನ್ನು 2010ರಲ್ಲಿ ಒರಾಕಲ್ ಕೊಂಡಿತು, ಅಷ್ಟರಲ್ಲೇ ಅದನ್ನು ಬರೆದವರಲ್ಲಿ ಒಬ್ಬರಾದ ಮಾಂಟಿ ವಿಡೇನಿಯಸ್ ಮಾರಿಯಾಡಿಬಿ ಶುರು ಮಾಡಿದ್ದರು. ಪೋಸ್ಟ್‌ಗ್ರೆಸ್ ಯಾವುದೇ ಒಂದು ಕಂಪನಿಯ ಸೊತ್ತಲ್ಲ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಯೋಜನೆ, ಇವತ್ತು ಹಲವು ಕಂಪನಿಗಳ ಜನ ಸೇರಿ ನಡೆಸುತ್ತಾರೆ. "ಸರ್, ನಾವು ಇಳಿಸಿಕೊಂಡ ಆವೃತ್ತಿಗೆ ಕೊಟ್ಟ ಹಕ್ಕನ್ನು ಯಾರೂ ವಾಪಸ್ ಕೇಳೋಕಾಗಲ್ಲ. ಆದರೆ ನೋಡಿಕೊಳ್ಳುವವರಿಗೆ ನೀವು ದುಡ್ಡು ಕೊಡಲೇಬೇಕು" ಅಂದೆ. ಅದು ಅವರಿಗೆ ಸರಿ ಅನಿಸಿತು. ಲೆಕ್ಕ ಬರೆಯುವವರಿಗೆ ಸಂಬಳ ಕೊಟ್ಟು ಗೊತ್ತಿದ್ದವರು.

ವೆಬ್ ಕಡೆ ನಾವು ಜ್ಯಾಂಗೋ ಹಾಕಿದೆವು, ವೆಬ್ ಪುಟಗಳನ್ನು ಕಟ್ಟುವ ಸಿದ್ಧ ಚೌಕಟ್ಟು ಅದು. ಮಂಡಿಯಲ್ಲಿ ಬೆಳಗ್ಗೆ ಲೋಡ್ ಇಳಿಯುವ ಹೊತ್ತಿಗೆ ಬಿಲ್ ಬೇಗ ಬರಬೇಕು, ಪುಟ ಸುಂದರವಾಗಿ ಕುಣಿಯಬೇಕಿಲ್ಲ. ಜ್ಯಾಂಗೋ ಜೊತೆ ಬರುವ ಅಡ್ಮಿನ್ ಪುಟದಲ್ಲೇ ಅರ್ಧ ಕೆಲಸ ಮುಗಿಯಿತು, ಉಳಿದ ಪುಟಗಳು ಸರ್ವರ್‌ನಲ್ಲೇ ತಯಾರಾಗಿ ಹೋಗುತ್ತವೆ. ಬ್ರೌಸರ್‌ನಲ್ಲೇ ಪುಟ ಕಟ್ಟುವ ರಿಯಾಕ್ಟ್ ಕೆಟ್ಟದ್ದು ಅಂತಲ್ಲ. ಬಿಲ್ ಹಾಕುವ ಕೆಲವೇ ಜನಕ್ಕೆ ನೂರಾರು ಪ್ಯಾಕೇಜುಗಳ ಅಪ್‌ಡೇಟ್ ನೋಡಿಕೊಂಡು ಕೂರುವ ಖರ್ಚು ಯಾಕೆ ಅಂತ. ಇಂಥ ಅವಲಂಬನೆಗಳಲ್ಲಿ ಅಪಾಯವೂ ಇದೆ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಪುಟ್ಟ ಲೈಬ್ರರಿಯಲ್ಲಿ ಕಳ್ಳಬಾಗಿಲು ಸಿಕ್ಕಿತು. ಕಂಡುಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೆವಲಪರ್, ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದ್ದನ್ನು ಗಮನಿಸಿ. ಅಂಥವರ ಶ್ರಮ ನೆನೆದರೆ ನನಗೆ ನಿಜಕ್ಕೂ ಕೈಮುಗಿಯಬೇಕು ಅನಿಸುತ್ತೆ.

ಇನ್ನು ಬ್ಯಾಕಪ್. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪಾದ ಸರ್ವರ್‌ನಲ್ಲಿ ಡೇಟಾ ಅಳಿಸಿದರು. ಬ್ಯಾಕಪ್ ಹುಡುಕಿದರೆ, ಪೋಸ್ಟ್‌ಗ್ರೆಸ್ ಡೇಟಾದ ನಕಲು ತೆಗೆಯುವ ಪಿಜಿ ಡಂಪ್ ಸರಿಯಾಗಿ ನಡೆದೇ ಇರಲಿಲ್ಲ. ಸರ್ವರ್‌ನಲ್ಲಿದ್ದ ಪೋಸ್ಟ್‌ಗ್ರೆಸ್ ಆವೃತ್ತಿ 9.6, ಡಂಪ್ ತೆಗೆಯುವ ಟೂಲ್ ಆವೃತ್ತಿ 9.2, ಹಾಗಾಗಿ ಪ್ರತಿಸಲ ಸೋಲುತ್ತಿತ್ತು. ಸೋತಿದೆ ಅಂತ ಹೇಳುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆಯ ಡೇಟಾ ಹೋಯಿತು. ಇದೆಲ್ಲವನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ನಾವು ಅದನ್ನು ಓದಿ ಮಂಡಿಯಲ್ಲಿ ಒಂದು ಪದ್ಧತಿ ಮಾಡಿದೆವು. ವಾರಕ್ಕೊಮ್ಮೆ ಹಿಂದಿನ ರಾತ್ರಿಯ ಬ್ಯಾಕಪ್ ಅನ್ನು ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಪೂರ್ತಿ ಇಳಿಸುತ್ತೇವೆ. ಗುಮಾಸ್ತರು ಬಂದು ಅವರಿಗೆ ಬೇಕಾದ ಒಂದು ಖಾತೆ ತೆಗೆದು, ಬಾಕಿಯನ್ನು ತಮ್ಮ ಪುಸ್ತಕದ ಜೊತೆ ತಾಳೆ ನೋಡಿ ಸಹಿ ಹಾಕುತ್ತಾರೆ. ಫೈಲ್ ಇದೆ ಅನ್ನುವುದು ನನಗೆ ಗೊತ್ತಾದರೆ ಸಾಲದು, ಲೆಕ್ಕ ಸರಿ ಇದೆ ಅಂತ ಹೇಳಬೇಕಾದವರು ಅವರು. ವ್ಯಾಪಾರ ಕಂಪನಿ ಆಗಿ ನೋಂದಣಿ ಆಗಿದ್ದರೆ ಇದು ಕಾನೂನಿನ ವಿಷಯವೂ ಹೌದು: ಲೆಕ್ಕದ ಬ್ಯಾಕಪ್ ದಿನವೂ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕು, 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ದಾಖಲೆಯೂ ಉಳಿಯಬೇಕು.

ಬೇರೆ ಲಿನಕ್ಸ್‌ಗೆ ಸರ್ವರ್ ಬದಲಿಸುವವರಿಗೆ ಒಂದು ಮಾತು. ಲಿನಕ್ಸ್‌ನ ಮೂಲ ಲೈಬ್ರರಿಯಾದ ಗ್ಲಿಬ್‌ಸಿ 2.28ರಲ್ಲಿ ಅಕ್ಷರಗಳ ಕ್ರಮ ಬದಲಾಯಿತು. ಅದಕ್ಕಿಂತ ಹಳೇ ಸಿಸ್ಟಂನಿಂದ ಡೇಟಾ ಫೋಲ್ಡರನ್ನೇ ನಕಲು ಮಾಡಿ ತಂದರೆ ಹೆಸರಿನ ಇಂಡೆಕ್ಸ್‌ಗಳು (ಬೇಗ ಹುಡುಕಲು ಇಟ್ಟ ಪಟ್ಟಿಗಳು) ಕೆಡಬಹುದು, ಇರುವ ಗಿರಾಕಿಯೇ ಸಿಗದೆ ಹೋಗಬಹುದು. ಡಂಪ್ ತೆಗೆದು ಇಳಿಸಿ, ಇಲ್ಲವೇ ರೀಇಂಡೆಕ್ಸ್ ಮಾಡಿ, ಅಂದರೆ ಆ ಪಟ್ಟಿಗಳನ್ನು ಹೊಸದಾಗಿ ಕಟ್ಟಿಸಿ.

ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಗೆ ಐದು ವರ್ಷ ಬೆಂಬಲ, 13ರದ್ದು 2025ರ ನವೆಂಬರ್‌ಗೆ ಮುಗಿಯಿತು. ಜ್ಯಾಂಗೋದ ದೀರ್ಘಾವಧಿ ಆವೃತ್ತಿಗೆ ಮೂರು ವರ್ಷ. ಈ ತಾರೀಖುಗಳನ್ನು ಈಗ ನಾವು ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲೇ ಬರೆಯುತ್ತೇವೆ, ಅಪ್‌ಗ್ರೇಡ್ ಯಾವ ತಿಂಗಳು ಅನ್ನುವುದನ್ನು ಮಾತ್ರ ಯಜಮಾನರೇ ಹೇಳಬೇಕು. ಹೊಸ ತೊಗರಿ ಬರುವ ಹೊತ್ತಿಗೆ ಬೇಡವೇ ಬೇಡ ಅಂತ ಅವರು ಮೊದಲೇ ಹೇಳಿಬಿಟ್ಟಿದ್ದಾರೆ.