ಕರಗದೆಯೂ ಹರಿದ ಕಲ್ಲು

12 ಜನವರಿ 2025, ಭಾನುವಾರ

ಲಾಲ್‌ಬಾಗಿನ ಬಂಡೆ ಹತ್ತಿದವರೆಲ್ಲ ಕೆಂಪೇಗೌಡರ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಕಾಲಡಿಯ ಕಪ್ಪು-ಬಿಳಿ ಪಟ್ಟೆಗಳನ್ನು ಬಗ್ಗಿ ನೋಡುವವರು ಕಡಿಮೆ. ಇದು ಪೆನಿನ್ಸುಲಾರ್ ನೈಸ್, ಆಳದ ಶಾಖ, ಒತ್ತಡಗಳಿಗೆ ಸಿಕ್ಕಿ ರೂಪಾಂತರಗೊಂಡ ಪಟ್ಟೆಪಟ್ಟೆ ಶಿಲೆ. ಸುಮಾರು 300 ಕೋಟಿ ವರ್ಷದ ಕಲ್ಲು.

ಇವತ್ತು ಒಬ್ಬ ಹುಡುಗ "ಲಾವಾ ಹರಿದ ಗುರುತಾ ಇದು?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ಆದರೆ ಅಲ್ಲ. ಅಲ್ಲಲ್ಲಿ ಕರಗಿದ ಅಂಶ ನುಸುಳಿದ್ದು ನಿಜ. ಕಲ್ಲು ಮಾತ್ರ ಬಹುಮಟ್ಟಿಗೆ ಗಟ್ಟಿಯಾಗಿದ್ದುಕೊಂಡೇ ಹೀಗೆ ಬಾಗಿ ಬಳುಕಿದೆ. ನನಗೆ ಭೂವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ವಿಸ್ಮಯವಿಲ್ಲ. ಭೂಮಿಯೊಳಗೆ ಕಿಲೋಮೀಟರಿಗೆ ಸುಮಾರು 25–30 ಡಿಗ್ರಿ ಶಾಖ ಏರುತ್ತದೆ. 300 ಡಿಗ್ರಿ ದಾಟಿದರೆ ಈ ಕಲ್ಲಿನಲ್ಲಿರುವ ಕ್ವಾರ್ಟ್ಜ್ ಎಂಬ ಖನಿಜ ಒತ್ತಡಕ್ಕೆ ಮಣಿಯತೊಡಗುತ್ತದೆ. ಇನ್ನೊಂದು ಖನಿಜ ಫೆಲ್ಡ್‌ಸ್ಪಾರ್ ಹಟಮಾರಿ, ಅದಕ್ಕೆ ಇನ್ನೂ ಶಾಖ ಬೇಕು. ಹರಳಿನೊಳಗಿನ ಪರಮಾಣುಗಳ ಸಾಲು ಒಂದೊಂದೇ ಹೆಜ್ಜೆ ಜರುಗುತ್ತದೆ, ಹರಳು ಒಡೆಯುವುದಿಲ್ಲ. ಆ ಆಳದಲ್ಲಿ ಕಲ್ಲೊಂದು ಎರಡರಷ್ಟು ಉದ್ದವಾಗಲು ಹತ್ತಾರು ಲಕ್ಷ ವರ್ಷ ಹಿಡಿದರೂ ಹಿಡಿದೀತು.

ಅಷ್ಟು ಕಾಯಲಾಗದವರು ಹಿಮನದಿಯನ್ನು ನೋಡಬೇಕು. ಮಂಜುಗಡ್ಡೆಯೂ ಹರಳುಗಳ ಕಲ್ಲೇ, ಕರಗುವ ಅಂಚಿನಲ್ಲಿರುವ ಬಿಸಿ ಕಲ್ಲು! ಶಾಖವೇ ಇಲ್ಲದ ಸೊನ್ನೆಯಿಂದ ಎಣಿಸುವ ಕೆಲ್ವಿನ್ ಅಳತೆಯಲ್ಲಿ ಮೈನಸ್ 10 ಡಿಗ್ರಿ ಎಂದರೆ 263, ಕರಗುವುದು 273ಕ್ಕೆ. ಅದಕ್ಕೇ ಅದು ನಮ್ಮ ಕಣ್ಣೆದುರೇ ಹರಿಯುತ್ತದೆ. 1950ರ ದಶಕದಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಜಾನ್ ಗ್ಲೆನ್ ಮಂಜುಗಡ್ಡೆಯನ್ನು ಒತ್ತಿ ಅಳೆದು ತೋರಿಸಿದ್ದು: ಒತ್ತಡ ಇಮ್ಮಡಿಯಾದರೆ ಹರಿವು ಹೆಚ್ಚುಕಡಿಮೆ ಎಂಟು ಪಟ್ಟು.

1820ರಲ್ಲಿ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರ ಏರುತ್ತಿದ್ದ ಮೂವರು ಮಾರ್ಗದರ್ಶಿಗಳು ಹಿಮಪಾತಕ್ಕೆ ಸಿಕ್ಕಿ ಬಿರುಕಿನೊಳಗೆ ಬಿದ್ದು ಸತ್ತರು. ಹಿಮನದಿಗಳ ವೇಗ ಅಳೆದಿದ್ದ ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಫೋರ್ಬ್ಸ್, ಸುಮಾರು ನಲವತ್ತು ವರ್ಷಕ್ಕೆ ಅವರ ಅವಶೇಷಗಳು ಕೆಳಗೆ ಬಂದಾವು ಎಂದಿದ್ದರು. 1861ರಲ್ಲಿ ಬಾಸೋನ್ ಹಿಮನದಿಯ ಕೆಳತುದಿಯಲ್ಲಿ ಅವು ಹೊರಬಂದವು. ಸತ್ತವರ ಮನೆಯವರನ್ನು ನೆನೆದರೆ ಈ ಲೆಕ್ಕ ಬರೀ ಲೆಕ್ಕವಾಗಿ ಉಳಿಯುವುದಿಲ್ಲ.

ಕಲ್ಲು, ಹಿಮ ಎರಡೂ ಒಟ್ಟಿಗೆ ಕಾಣುವುದು ಉತ್ತರ ಯೂರೋಪಿನ ಬಾಲ್ಟಿಕ್ ಸಮುದ್ರದ ತೀರದಲ್ಲಿ. ಹಿಮಯುಗದ ಹಿಮರಾಶಿ ಅಲ್ಲಿ ನೆಲವನ್ನು ಅದುಮಿ, ಅಡಿಯ ಮ್ಯಾಂಟಲ್ (ಭೂಮಿಯ ಹೊರಪದರದ ಕೆಳಗಿನ ದಪ್ಪ ಪದರ) ಕಲ್ಲನ್ನು ಪಕ್ಕಕ್ಕೆ ಸರಿಸಿತ್ತು. ಹಿಮ ಹೋಗಿ ಸುಮಾರು ಹತ್ತು ಸಾವಿರ ವರ್ಷ ಕಳೆದರೂ ಆ ಕಲ್ಲು ಇನ್ನೂ ಹಿಂದಕ್ಕೆ ಹರಿದು ಬರುತ್ತಲೇ ಇದೆ. ಸ್ವೀಡನ್-ಫಿನ್ಲೆಂಡ್ ನಡುವಿನ ಬೋತ್ನಿಯಾ ಕೊಲ್ಲಿಯ ಉತ್ತರದಲ್ಲಿ ನೆಲ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏರುತ್ತಿದೆ. ಬಂದರಿನ ನೀರು ತಗ್ಗುತ್ತ ಬಂದು ಹಡಗು ನಿಲ್ಲದಂತಾದ್ದರಿಂದ ಸ್ವೀಡನ್ನಿನ ಲೂಲಿಯೊ ಪಟ್ಟಣವನ್ನೇ 1649ರಲ್ಲಿ ಸಮುದ್ರದ ಕಡೆಗೆ ಸ್ಥಳಾಂತರಿಸಬೇಕಾಯಿತು.